ಆರೂ ಒಂದೇ, ಅರ್ಧ ಡಜನ್ನೂ ಒಂದೇ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಯಲ್ಲಿ ಕಾಯಂ ಆಗಿ ಕಾಣುವ ವಸ್ತು ಒಂದು ದಪ್ಪನೆಯ ಇಂಗ್ಲಿಷ್ ಗೈಡ್. ಅದರ ಕೊನೆಯ ಪುಟಗಳಲ್ಲಿ ‘ಈಡಿಯಮ್ಸ್ ಅಂಡ್ ಫ್ರೇಸಸ್’ ಎಂಬ ಉದ್ದನೆಯ ಪಟ್ಟಿ ಇರುತ್ತದೆ. ಎಡಕ್ಕೆ ನುಡಿಗಟ್ಟು, ಬಲಕ್ಕೆ ಎರಡು ಮೂರು ಪದಗಳಲ್ಲಿ ಅರ್ಥ. ದಿನಕ್ಕೆ ಇಪ್ಪತ್ತರಂತೆ ಉರು ಹೊಡೆದರೆ ತಿಂಗಳಲ್ಲಿ ಪಟ್ಟಿ ಮುಗಿಯಿತು ಎಂಬುದು ನಮ್ಮ ಲೆಕ್ಕ.

ಈ ಪಟ್ಟಿಯಲ್ಲಿ ‘ಒಂದೇ ರೀತಿ’ ಎಂಬ ಅರ್ಥ ಎಷ್ಟು ಸಲ ಬರುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ‘ಸಿಕ್ಸ್ ಆಫ್ ಒನ್ ಅಂಡ್ ಹಾಫ್ ಎ ಡಜನ್ ಆಫ್ ದಿ ಅದರ್’, ‘ಟೂ ಪೀಸ್ ಇನ್ ಎ ಪಾಡ್’, ‘ಕಟ್ ಫ್ರಮ್ ದ ಸೇಮ್ ಕ್ಲಾತ್’, ‘ಮಚ್ ಆಫ್ ಎ ಮಚ್‌ನೆಸ್’, ‘ಟಾರ್ಡ್ ವಿತ್ ದ ಸೇಮ್ ಬ್ರಷ್’. ಎಲ್ಲದರ ಮುಂದೆಯೂ ಅದೇ ಉತ್ತರ: ಸಮಾನ, ಒಂದೇ ತೆರ, ವ್ಯತ್ಯಾಸವಿಲ್ಲ.

ಹಾಗಾದರೆ ಒಂದೇ ಅರ್ಥಕ್ಕೆ ಇಂಗ್ಲಿಷರು ಇಷ್ಟೊಂದು ನುಡಿಗಟ್ಟುಗಳನ್ನು ಏಕೆ ಇಟ್ಟುಕೊಂಡರು? ಉತ್ತರ ಸರಳ. ಅವು ಒಂದೇ ಅರ್ಥದವಲ್ಲ. ‘ಒಂದೇ’ ಎನ್ನುವುದರಲ್ಲಿಯೇ ಹಲವು ಬಗೆಗಳಿವೆ. ನೋಡಲು ಒಂದೇ, ಹುಟ್ಟಿನಲ್ಲಿ ಒಂದೇ, ಪರಿಣಾಮದಲ್ಲಿ ಒಂದೇ, ಹೆಸರು ಬೇರೆಯಾದರೂ ವಸ್ತು ಒಂದೇ, ಎರಡೂ ಅಷ್ಟಕ್ಕಷ್ಟೇ ಎಂಬ ಅರ್ಥದಲ್ಲಿ ಒಂದೇ. ಈ ಬಗೆಗಳನ್ನು ಗೈಡ್ ಅಳಿಸಿಹಾಕುತ್ತದೆ, ನಾವು ಅಳಿಸಿದ್ದನ್ನೇ ಬಾಯಿಪಾಠ ಮಾಡುತ್ತೇವೆ. ಇದರಿಂದ ಹೋಗುವುದು ಒಂದೆರಡು ಅಂಕ ಮಾತ್ರವಲ್ಲ ಎಂಬುದು ನನ್ನ ವಾದ.

ನೋಟದ ಸಾಮ್ಯ, ಗುಣದ ಸಾಮ್ಯ

ಮೊದಲು ನೋಟದಿಂದ ಶುರು ಮಾಡೋಣ. ‘ಟೂ ಪೀಸ್ ಇನ್ ಎ ಪಾಡ್’ ಎಂದರೆ ಒಂದೇ ಸಿಪ್ಪೆಯೊಳಗಿನ ಎರಡು ಬಟಾಣಿ ಕಾಳು. ಅವಳಿ ಮಕ್ಕಳಿಗೆ, ಸದಾ ಜೊತೆಗಿರುವ ಒಂದೇ ಸ್ವಭಾವದ ಗೆಳತಿಯರಿಗೆ ಹೇಳುವ ಪ್ರೀತಿಯ ಮಾತು. ‘ಸ್ಪಿಟಿಂಗ್ ಇಮೇಜ್’ ಎಂಬುದು ನಮ್ಮ ‘ಥೇಟ್ ಅಪ್ಪನ ಹಾಗೆ’, ‘ಅಮ್ಮನ ಪಡಿಯಚ್ಚು’ ಎಂಬ ಮಾತಿನ ಜಾಗದಲ್ಲಿ ಕೂರುತ್ತದೆ. ಹೆಚ್ಚಾಗಿ ಮುಖಚಹರೆಗೆ ಸಂಬಂಧಿಸಿದ್ದು.

‘ಡೆಡ್ ರಿಂಗರ್’ ಕೂಡ ನೋಟದ್ದೇ, ಆದರೆ ಅದರ ಹುಟ್ಟು ಬೇರೆ. 19ನೇ ಶತಮಾನದ ಅಮೆರಿಕದ ಕುದುರೆ ಪಂದ್ಯಗಳಲ್ಲಿ ನಿಧಾನದ ಕುದುರೆಯ ಹೆಸರಿನಲ್ಲಿ ಅದನ್ನೇ ಹೋಲುವ ವೇಗದ ಕುದುರೆಯನ್ನು ಮೋಸದಿಂದ ಓಡಿಸುತ್ತಿದ್ದರು. ಹಾಗೆ ಬದಲಿಯಾಗಿ ಬಂದ ಕುದುರೆಗೆ ‘ರಿಂಗರ್’ ಎನ್ನುತ್ತಿದ್ದರು. ‘ಡೆಡ್’ ಎಂದರೆ ಇಲ್ಲಿ ಸತ್ತದ್ದಲ್ಲ, ‘ಕರಾರುವಾಕ್ಕಾಗಿ’ ಎಂದು. ಶವಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು, ಅದರಿಂದ ಈ ಮಾತು ಬಂತು ಎಂಬ ಕಥೆಯೊಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ಅದು ಬರೀ ಕಟ್ಟುಕಥೆ. ಸಂಬಂಧವೇ ಇಲ್ಲದ ಇಬ್ಬರು ಒಬ್ಬರನ್ನೊಬ್ಬರು ಹೋಲುವಾಗ ‘ಡೆಡ್ ರಿಂಗರ್’ ಸರಿಹೊಂದುತ್ತದೆ. ಸಿನಿಮಾ ನಟನನ್ನು ಹೋಲುವ ನಿಮ್ಮ ಕ್ಲಾಸ್‌ಮೇಟ್‌ಗೆ ಈ ಮಾತು ಹೇಳಬಹುದು.

ಇನ್ನು ಹುಟ್ಟು ಮತ್ತು ಗುಣ. ‘ಎ ಚಿಪ್ ಆಫ್ ದಿ ಓಲ್ಡ್ ಬ್ಲಾಕ್’ ಎಂದರೆ ದೊಡ್ಡ ದಿಮ್ಮಿಯಿಂದ ಕೆತ್ತಿದ ಚೂರು. ಮುಖ ಹೋಲಬೇಕೆಂದಿಲ್ಲ, ನಡತೆಯಲ್ಲಿ ಮಗ ಅಪ್ಪನಂತೆ. ನಮ್ಮಲ್ಲಿ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎನ್ನುತ್ತಾರಲ್ಲ, ಹತ್ತಿರತ್ತಿರ ಅದೇ. ‘ಕಟ್ ಫ್ರಮ್ ದ ಸೇಮ್ ಕ್ಲಾತ್’ ಎಂಬಲ್ಲಿಯೂ ಬಟ್ಟೆಯೇ ಇದೆ. ಒಂದೇ ಥಾನಿನಿಂದ ಕತ್ತರಿಸಿದ ಎರಡು ತುಂಡು, ಒಂದೇ ಮನೋಧರ್ಮದ ಇಬ್ಬರು.

ಆದರೆ ‘ಟಾರ್ಡ್ ವಿತ್ ದ ಸೇಮ್ ಬ್ರಷ್’ ಇವುಗಳ ಸಾಲಿನಲ್ಲಿ ಕೂರುವುದಿಲ್ಲ. ಟಾರ್ ಎಂದರೆ ಡಾಂಬರು. ಒಬ್ಬನ ತಪ್ಪಿಗೆ ಅವನ ಜೊತೆಯವರೆಲ್ಲರ ಮುಖಕ್ಕೂ ಅದೇ ಕುಂಚದಿಂದ ಮಸಿ ಬಳಿಯುವುದು ಅದರ ಅರ್ಥ. ಅಲ್ಲಿರುವುದು ಸಾಮ್ಯವಲ್ಲ, ಆರೋಪ. ಸಂದರ್ಶನದಲ್ಲಿ ‘ನಮ್ಮ ತಂಡದವರೆಲ್ಲ ಒಂದೇ ಮನಸ್ಸಿನವರು’ ಎಂದು ಹೇಳಲು ಹೊರಟವರು ಈ ನುಡಿಗಟ್ಟು ಬಳಸಿದರೆ ಏನಾಗುತ್ತದೆ ಊಹಿಸಿ. ‘ನಾವೆಲ್ಲ ಒಂದೇ ಕೇಸಿನ ಆರೋಪಿಗಳು’ ಎಂದಂತಾಗುತ್ತದೆ! ಗೈಡ್‌ನ ಪ್ರಕಾರ ಅರ್ಥ ‘ಸಮಾನ’ವೇ.

ಆಯ್ಕೆಯ ಮುಂದೆ ನಿಂತಾಗ

ಈಗ ಆರು ಮತ್ತು ಅರ್ಧ ಡಜನ್‌ಗೆ ಬರೋಣ. ಇದು ವಸ್ತುಗಳ ರೂಪಕ್ಕೆ ಸಂಬಂಧಿಸಿದ್ದೇ ಅಲ್ಲ. ಎರಡು ದಾರಿ ಮುಂದಿದ್ದು, ಯಾವುದನ್ನು ಹಿಡಿದರೂ ಫಲ ಒಂದೇ ಆಗಿರುವಾಗ ಹೇಳುವ ಮಾತು. ಮೆಜೆಸ್ಟಿಕ್‌ನಿಂದ ಮೆಟ್ರೊ ಹತ್ತಿ ಇಳಿದು ಹದಿನೈದು ನಿಮಿಷ ನಡೆಯುವುದೂ, ಟ್ರಾಫಿಕ್‌ನಲ್ಲಿ ತೆವಳುವ ಬಸ್ಸಿನಲ್ಲಿ ಮನೆ ಬಾಗಿಲಿಗೇ ಇಳಿಯುವುದೂ ಅಷ್ಟೇ ಹೊತ್ತು ಹಿಡಿದರೆ ಅದು ‘ಸಿಕ್ಸ್ ಆಫ್ ಒನ್’. ಮೆಟ್ರೊ ಮತ್ತು ಬಸ್ಸು ಬಟಾಣಿ ಕಾಳಿನಂತೆ ಹೋಲುವುದಿಲ್ಲ, ಆದರೂ ಫಲ ಒಂದೇ. ಇಬ್ಬರು ಜಗಳವಾಡಿದಾಗ ತಪ್ಪು ಇಬ್ಬರದೂ ಸಮಸಮ ಎನ್ನಲೂ ಇದನ್ನು ಬಳಸುತ್ತಾರೆ. ‘ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ’ ಎಂಬ ನಮ್ಮ ಗಾದೆಯ ನೆರೆಮನೆಯದು ಇದು.

‘ಮಚ್ ಆಫ್ ಎ ಮಚ್‌ನೆಸ್’ ಬ್ರಿಟನ್ನಿನ ಹಳೆಯ ಮಾತು. 1728ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ‘ದ ಪ್ರವೋಕ್ಡ್ ಹಸ್ಬೆಂಡ್’ ನಾಟಕದಲ್ಲಿ ಕಾಣಸಿಗುತ್ತದೆ, ಲೂಯಿಸ್ ಕ್ಯಾರಲ್ 1865ರ ‘ಆಲಿಸ್’ ಕಥೆಯಲ್ಲಿ ಇದರೊಂದಿಗೆ ಆಟವಾಡಿದ್ದಾರೆ. ಇದರಲ್ಲಿ ಸಣ್ಣದೊಂದು ಆಕಳಿಕೆ ಅಡಗಿದೆ. ಎರಡೂ ಒಂದೇ, ಎರಡೂ ಹೇಳಿಕೊಳ್ಳುವಂಥದ್ದೇನಲ್ಲ ಎಂಬ ಧ್ವನಿ. ಸಂದರ್ಶನ ಮಾಡುವವರು ‘ನಮ್ಮ ಕಂಪನಿಗೂ ನಮ್ಮ ಪ್ರತಿಸ್ಪರ್ಧಿಗೂ ಏನು ವ್ಯತ್ಯಾಸ?’ ಎಂದು ಕೇಳಿದಾಗ ಈ ಮಾತು ಹೇಳುವುದಕ್ಕಿಂತ ಸುಮ್ಮನಿರುವುದು ಲೇಸು.

ಹೆಸರಷ್ಟೇ ಬೇರೆ ಎನ್ನಲು ‘ಟೊಮೇಟೊ, ಟೊಮಾಟೊ’ ಎನ್ನುತ್ತಾರೆ. 1937ರಲ್ಲಿ ಬಂದ ‘ಶಲ್ ವಿ ಡಾನ್ಸ್’ ಎಂಬ ಹಾಲಿವುಡ್ ಸಿನಿಮಾಕ್ಕೆ ಜಾರ್ಜ್ ಮತ್ತು ಐರಾ ಗರ್ಶ್ವಿನ್ ಸಹೋದರರು ಮಾಡಿದ ಹಾಡೊಂದು, ಒಂದೇ ಪದವನ್ನು ಎರಡು ಬಗೆಯಲ್ಲಿ ಉಚ್ಚರಿಸುವ ಪ್ರೇಮಿಗಳ ತಕರಾರನ್ನು ಜನಪ್ರಿಯಗೊಳಿಸಿತು. ಕನ್ನಡದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ದಾವಣಗೆರೆಯ ಮಂಡಕ್ಕಿ, ಧಾರವಾಡದ ಚುರುಮುರಿ, ಮೈಸೂರಿನ ಕಡ್ಲೆಪುರಿ. ಹಾಸ್ಟೆಲಿನಲ್ಲಿ ಮೂರು ಊರಿನವರು ಒಟ್ಟಿಗೆ ಕುಳಿತರೆ ಹೆಸರಿನ ಜಗಳ ಮುಗಿಯುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ. ನಮ್ಮ ‘ಟೊಮೇಟೊ, ಟೊಮಾಟೊ’ ಅದೇ.

‘ವ್ಯತ್ಯಾಸವಿಲ್ಲ’ ಎಂದವರು ಯಾರು?

ಈ ಗುಂಪಿನಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ ಜೋಡಿ ಹೆಸರು ‘ಟ್ವೀಡಲ್‌ಡಮ್ ಮತ್ತು ಟ್ವೀಡಲ್‌ಡೀ’. ಬೇರೆ ಬೇರೆ ಎಂದು ಹೇಳಿಕೊಂಡು ಜಗಳವಾಡುವ, ಆದರೆ ನಿಜವಾಗಿ ವ್ಯತ್ಯಾಸವೇ ಇಲ್ಲದ ಇಬ್ಬರಿಗೆ ಇದು ಅನ್ವಯ. ಚುನಾವಣೆ ಬಂದಾಗ ಎರಡು ಪಕ್ಷಗಳನ್ನು ಹೀಗೆ ಗೇಲಿ ಮಾಡುವುದುಂಟು. ‘ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪಲಿಲ್ಲ’ ಎಂದು ನಮ್ಮ ಹಿರಿಯರು ನಿಟ್ಟುಸಿರು ಬಿಡುವ ಜಾಗವೇ ಇದು.

1871ರ ‘ಥ್ರೂ ದ ಲುಕಿಂಗ್ ಗ್ಲಾಸ್’ನಲ್ಲಿ ಕ್ಯಾರಲ್ ಈ ಇಬ್ಬರನ್ನು ಗುಂಡಗಿನ ಸಹೋದರರನ್ನಾಗಿ ಮಾಡಿದರು. ಆದರೆ ಹೆಸರುಗಳು ಅದಕ್ಕಿಂತ ಹಳೆಯವು. 1725ರಲ್ಲಿ ಇಂಗ್ಲೆಂಡಿನ ಕವಿ ಜಾನ್ ಬೈರಮ್ ಬರೆದ ಒಂದು ಚುಟುಕದಲ್ಲಿ ಅವು ಬಂದಿವೆ. ಆಗ ಲಂಡನ್ನಿನ ಸಂಗೀತಪ್ರಿಯರು ಎರಡು ಬಣಗಳಾಗಿದ್ದರು. ಒಂದು ಬಣಕ್ಕೆ ಜರ್ಮನಿಯಿಂದ ಬಂದ ಹ್ಯಾಂಡಲ್ ದೊಡ್ಡವರು, ಇನ್ನೊಂದಕ್ಕೆ ಇಟಲಿಯ ಬೊನೊನ್ಚಿನಿ. ಈ ಕಿತ್ತಾಟ ನೋಡಿ ಬೈರಮ್, ಇಬ್ಬರ ನಡುವೆ ಏನು ಮಹಾ ಅಂತರ ಎಂದು ನಕ್ಕರು.

ಮುಂದೆ ಏನಾಯಿತು? ಹ್ಯಾಂಡಲ್ ಅವರ ‘ಮೆಸ್ಸಾಯ’ 1742ರಲ್ಲಿ ಡಬ್ಲಿನ್ ನಗರದಲ್ಲಿ ಮೊದಲು ಪ್ರದರ್ಶನಗೊಂಡಿತು, ಇಂದಿಗೂ ಜಗತ್ತಿನಾದ್ಯಂತ ಅದನ್ನು ಹಾಡುತ್ತಾರೆ. ಬೊನೊನ್ಚಿನಿ ಹೆಸರು ಸಂಗೀತ ವಿದ್ಯಾರ್ಥಿಗಳ ಆಚೆಗೆ ಅಷ್ಟಾಗಿ ಗೊತ್ತಿಲ್ಲ. ಚುಟುಕ ಬದುಕಿತು, ಅದರ ತೀರ್ಪು ಬದುಕಲಿಲ್ಲ. ‘ಎರಡೂ ಒಂದೇ’ ಎಂಬುದು ಎಷ್ಟೋ ಸಲ ವಸ್ತುವಿನ ಬಗೆಗಿನ ಸತ್ಯವಲ್ಲ, ಹೇಳುವವನು ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದರ ಗುರುತು. ಸಂಗೀತ ಕೇಳಿ ಅಭ್ಯಾಸವಿಲ್ಲದವರಿಗೆ ಭೀಮಪಲಾಸಿಯೂ ಆಭೇರಿಯೂ ಒಂದೇ ಅನ್ನಿಸಬಹುದು. ಎರಡನ್ನೂ ಹಾಡುವವರನ್ನು ಕೇಳಿ ನೋಡಿ, ಅವರು ಒಪ್ಪುವುದಿಲ್ಲ.

ವ್ಯತ್ಯಾಸವನ್ನು ಹೇಳುವ ನುಡಿಗಟ್ಟುಗಳಲ್ಲೂ ಈ ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ತೀರಾ ಭಿನ್ನವಾದ ಇಬ್ಬರನ್ನು ‘ಚಾಕ್ ಅಂಡ್ ಚೀಸ್’ ಎನ್ನುತ್ತಾರೆ. ನಾವು ‘ಅಜಗಜಾಂತರ’ ಎನ್ನುತ್ತೇವೆ. ಅಜ ಎಂದರೆ ಆಡು, ಗಜ ಎಂದರೆ ಆನೆ. ಗಮನಿಸಿ, ಚಾಕ್ ಮತ್ತು ಚೀಸ್ ಒಂದೇ ಸದ್ದಿನಿಂದ ಶುರುವಾಗುತ್ತವೆ, ಅಜ ಮತ್ತು ಗಜದ ನಡುವೆ ಇರುವುದು ಒಂದೇ ಅಕ್ಷರದ ಬದಲಾವಣೆ. ಕಿವಿಗೆ ಹತ್ತಿರ, ವಸ್ತುವಿನಲ್ಲಿ ದೂರ. ಎರಡು ಭಾಷೆಗಳೂ ತಮ್ಮದೇ ರೀತಿಯಲ್ಲಿ ಒಂದೇ ಎಚ್ಚರಿಕೆ ಕೊಟ್ಟಂತಿದೆ: ಮೇಲ್ನೋಟವನ್ನು ನಂಬಬೇಡ.

ಉದ್ಯೋಗ ಹುಡುಕುವವರಿಗೆ ಇದೇಕೆ ಮುಖ್ಯ?

‘ಇವೆಲ್ಲ ಭಾಷಾ ವಿದ್ವಾಂಸರ ಕೆಲಸ, ನಮಗೆ ಬೇಕಿರುವುದು ನೌಕರಿ’ ಎಂದು ಹೇಳುವ ಗೆಳೆಯರಿದ್ದಾರೆ. ಅವರಿಗೆ ನನ್ನ ಉತ್ತರ ಎರಡು ಭಾಗದ್ದು.

ಮೊದಲನೆಯದು ಪರೀಕ್ಷೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ 25 ಇಂಗ್ಲಿಷಿನವು. ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಇಂಥ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳ ಪೈಕಿ ಎರಡು ಹತ್ತಿರತ್ತಿರ ಇರುವಂತೆ ಕೊಟ್ಟರೆ ‘ಒಂದೇ ರೀತಿ’ ಎಂದಷ್ಟೇ ಉರು ಹೊಡೆದವರು ಅಲ್ಲೇ ಎಡವುತ್ತಾರೆ. ಅರ್ಧ ಅಂಕದಲ್ಲಿ ಕಟ್‌ಆಫ್ ತಪ್ಪಿದವರಿಗೆ ಹೇಳಲೂ ಇಂಗ್ಲಿಷಿನಲ್ಲೊಂದು ಮಾತಿದೆ: ‘ಕ್ಲೋಸ್, ಬಟ್ ನೋ ಸಿಗಾರ್’. ಹಿಂದೆ ಅಮೆರಿಕದ ಜಾತ್ರೆಗಳಲ್ಲಿ ಗುರಿ ಹೊಡೆಯುವ ಆಟದಲ್ಲಿ ಗೆದ್ದವರಿಗೆ ಸಿಗಾರ್ ಬಹುಮಾನ ಕೊಡುತ್ತಿದ್ದರು. ಗುರಿ ಒಂದಿಂಚು ತಪ್ಪಿದರೂ ಬಹುಮಾನವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದನ್ನೇ. ‘ಬಹುತೇಕ ಒಂದೇ’ ಎಂಬುದರ ಬೆಲೆ ಏನೆಂದು ಆ ಅಭ್ಯರ್ಥಿಯನ್ನು ಕೇಳಿ.

ಎರಡನೆಯದು ಪರೀಕ್ಷೆ ಮುಗಿದ ಮೇಲಿನ ಬದುಕು. ಕೆಲಸ ಕೊಡುವ ಮಾತುಕತೆಯಲ್ಲಿ ನಮಗೆ ಪದೇ ಪದೇ ಕೇಳಿಬರುವುದು ಸಾಮ್ಯದ ಮಾತುಗಳೇ. ‘ಟ್ರೈನಿ ಅಂದರೂ ಅಷ್ಟೇ, ಅಪ್ರೆಂಟಿಸ್ ಅಂದರೂ ಅಷ್ಟೇ, ಸೇಮ್ ಡಿಫರೆನ್ಸ್’. ‘ಸಿಟಿಸಿ ಅಂದರೆ ಮೋರ್ ಆರ್ ಲೆಸ್ ನಿಮ್ಮ ಸಂಬಳವೇ’. ‘ಲೆಟರ್ ಆಫ್ ಇಂಟೆಂಟ್ ಬಂದಿದೆಯಲ್ಲ, ಕೆಲಸ ಆ್ಯಸ್ ಗುಡ್ ಆ್ಯಸ್ ಡನ್’. ಹೇಳುವವರ ದನಿಯಲ್ಲಿ ಆತ್ಮೀಯತೆ ಇರುತ್ತದೆ, ಕೇಳುವವರಿಗೆ ಮರುಪ್ರಶ್ನೆ ಹಾಕಲು ಸಂಕೋಚ.

ಒಂದೊಂದಾಗಿ ನೋಡಿ. 1961ರ ಅಪ್ರೆಂಟಿಸಸ್ ಕಾಯ್ದೆಯ 18ನೇ ಕಲಂ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಅದೇ ಮಷಿನ್ ಮುಂದೆ, ಅದೇ ಶಿಫ್ಟ್‌ನಲ್ಲಿ, ಅದೇ ಸಮವಸ್ತ್ರದಲ್ಲಿ ನಿಂತ ಇಬ್ಬರು ಯುವಕರು ನೋಡುವವರ ಕಣ್ಣಿಗೆ ‘ಟೂ ಪೀಸ್ ಇನ್ ಎ ಪಾಡ್’. ಕಾನೂನಿನ ಕಣ್ಣಿಗೆ ‘ಚಾಕ್ ಅಂಡ್ ಚೀಸ್’.

ಸಿಟಿಸಿಯಲ್ಲಿ ಕಂಪನಿ ನಿಮ್ಮ ಭವಿಷ್ಯ ನಿಧಿಗೆ ಕಟ್ಟುವ ಪಾಲು, ಗ್ರಾಚುಯಿಟಿಗೆ ಎತ್ತಿಡುವ ಹಣ, ವಿಮೆಯ ಕಂತು, ಸಿಗಬಹುದಾದ ಬೋನಸ್ ಎಲ್ಲ ಸೇರಿರಬಹುದು. ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಬರುವ ಮೊತ್ತ ಅದನ್ನು ಹನ್ನೆರಡರಿಂದ ಭಾಗಿಸಿದಷ್ಟು ಇರುವುದಿಲ್ಲ. ಊರಿನಲ್ಲಿ ‘ಮಗನಿಗೆ ಇಷ್ಟು ಲಕ್ಷ’ ಎಂದು ಹೇಳಿಕೊಂಡ ಅಪ್ಪ, ಇತ್ತ ಪಿಜಿ ಬಾಡಿಗೆ ಕಟ್ಟಲು ಒದ್ದಾಡುವ ಮಗ, ಈ ಇಬ್ಬರ ನಡುವಿನ ಅಂತರವೇ ಆ ‘ಮೋರ್ ಆರ್ ಲೆಸ್’.

ಇನ್ನು ‘ಆ್ಯಸ್ ಗುಡ್ ಆ್ಯಸ್’. ಈ ನುಡಿಗಟ್ಟಿನ ಸ್ವಭಾವವನ್ನು ಸರಿಯಾಗಿ ತಿಳಿದವರು ಮೋಸ ಹೋಗುವುದಿಲ್ಲ. ‘ಆ್ಯಸ್ ಗುಡ್ ಆ್ಯಸ್ ಡನ್’ ಎಂದರೆ ‘ಆಗಿದೆ’ ಎಂದಲ್ಲ. ‘ಆದ ಹಾಗೆಯೇ, ಆದರೆ ಇನ್ನೂ ಆಗಿಲ್ಲ’ ಎಂದು. ‘ಟು ಆಲ್ ಇಂಟೆಂಟ್ಸ್ ಅಂಡ್ ಪರ್ಪಸಸ್’ ಕೂಡ ಇದೇ ಜಾತಿಯದು. 16ನೇ ಶತಮಾನದ ಇಂಗ್ಲೆಂಡಿನ ಕಾನೂನು ಭಾಷೆಯಿಂದ ಬಂದ ಆ ಮಾತು ಇಂದು ‘ವ್ಯವಹಾರದ ಮಟ್ಟಿಗೆ ಒಂದೇ’ ಎನ್ನುತ್ತದೆ. ಕಾಗದದಲ್ಲಿ ಬೇರೆ ಇದೆ ಎಂಬುದನ್ನು ಹೇಳದೆಯೇ ಒಪ್ಪಿಕೊಳ್ಳುತ್ತದೆ. ತಾತ್ಕಾಲಿಕ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಾಕ್ಷಣ ಸಿಹಿ ಹಂಚಿ, ಅಂತಿಮ ಪಟ್ಟಿಗಾಗಿ ವರ್ಷಗಟ್ಟಲೆ ಕಾದವರಿಗೆ ಈ ಅಂತರ ಯಾರೂ ಕಲಿಸಬೇಕಿಲ್ಲ.

ಇಲ್ಲಿ ಪ್ರಶ್ನೆ ಕೇಳಿದರೆ ಬರುವ ಮರುಮಾತು ಇನ್ನೊಂದು ನುಡಿಗಟ್ಟು: ‘ಡೋಂಟ್ ಸ್ಪ್ಲಿಟ್ ಹೇರ್ಸ್’, ಕೂದಲು ಸೀಳಬೇಡಿ. ಗೆಳೆಯರ ಹರಟೆಯಲ್ಲಿ ಈ ಮಾತಿಗೆ ಬೆಲೆಯಿದೆ. ಮಂಡಕ್ಕಿಯೋ ಚುರುಮುರಿಯೋ ಎಂದು ರಾತ್ರಿಯಿಡೀ ವಾದಿಸುವವನಿಗೆ ಹೇಳಬೇಕಾದದ್ದೇ ಅದು. ಆದರೆ ಸಹಿ ಹಾಕುವ ಕಾಗದದ ಮುಂದೆ ಕೂದಲನ್ನು ಸೀಳಲೇಬೇಕು. ವ್ಯತ್ಯಾಸದಿಂದ ನಷ್ಟವಾಗುವುದು ಯಾರಿಗೋ, ಅದು ದೊಡ್ಡದೋ ಚಿಕ್ಕದೋ ಎಂದು ನಿರ್ಧರಿಸುವ ಹಕ್ಕೂ ಅವರದೇ. ಎದುರು ಕುಳಿತವರದಲ್ಲ.

ಕನ್ನಡ ಮಾಧ್ಯಮದವರಿಗೊಂದು ಮಾತು

ನುಡಿಗಟ್ಟು ತುಂಬಿಸಿದ ಇಂಗ್ಲಿಷೇ ಒಳ್ಳೆಯ ಇಂಗ್ಲಿಷ್ ಎಂಬ ಭ್ರಮೆ ನಮ್ಮಲ್ಲಿದೆ. ಅದು ನಿಜವಲ್ಲ. ಸಂದರ್ಶನದಲ್ಲಿ ‘ದೇ ಆರ್ ವೆರಿ ಸಿಮಿಲರ್’ ಎಂದು ನೇರವಾಗಿ ಹೇಳಿ, ಯಾವುದರಲ್ಲಿ ಸಾಮ್ಯ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. ನುಡಿಗಟ್ಟುಗಳನ್ನು ಬಳಸುವುದಕ್ಕಿಂತ, ಬೇರೆಯವರು ಬಳಸಿದಾಗ ಅದರ ಧ್ವನಿ ಹಿಡಿಯುವುದು ನಮಗೆ ಹೆಚ್ಚು ಅಗತ್ಯ.

ಆ ಧ್ವನಿ ಹಿಡಿಯಲು ಬೇಕಾದ ಕಿವಿ ನಮಗೆ ಈಗಾಗಲೇ ಇದೆ. ‘ಪಡಿಯಚ್ಚು’ ಎನ್ನುವುದಕ್ಕೂ ‘ಎಲ್ಲರ ಮನೆ ದೋಸೆಯೂ ತೂತೇ’ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾವ ಗೈಡ್ ಕೂಡ ಹೇಳಿಕೊಡಲಿಲ್ಲ. ಎರಡರಲ್ಲೂ ಸಾಮ್ಯವಿದೆ. ಒಂದರಲ್ಲಿ ಅಕ್ಕರೆ, ಇನ್ನೊಂದರಲ್ಲಿ ಸಮಾಧಾನ. ಈ ತಿಳಿವಳಿಕೆಯನ್ನೇ ಇಂಗ್ಲಿಷಿನತ್ತ ತಿರುಗಿಸಿದರೆ ಆಯಿತು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಬದಲು ನಾಲ್ಕು ಗೆರೆ ಎಳೆಯಿರಿ. ನುಡಿಗಟ್ಟು, ಅದು ಯಾವುದರ ಸಾಮ್ಯ ಹೇಳುತ್ತದೆ, ಹೊಗಳಿಕೆಯೋ ತೆಗಳಿಕೆಯೋ, ನಮ್ಮ ಊರಿನಲ್ಲಿ ಅದೇ ಸಂದರ್ಭಕ್ಕೆ ಏನೆನ್ನುತ್ತಾರೆ. ದಿನಕ್ಕೆ ಇಪ್ಪತ್ತು ಬೇಡ, ಐದು ಸಾಕು. ನಾಲ್ಕನೆಯ ಕಾಲಂ ತುಂಬಲು ಮನೆಯಲ್ಲಿ ಅಜ್ಜಿಯನ್ನು ಕೇಳಿ. ಇಂಗ್ಲಿಷ್ ಬಾರದ ಅವರೇ ನಿಮ್ಮ ಇಂಗ್ಲಿಷ್ ಪರೀಕ್ಷೆಗೆ ಒಳ್ಳೆಯ ಮೇಷ್ಟರಾಗಬಹುದು.

ಕೊನೆಗೆ, ಇಂಗ್ಲಿಷಿನ ‘ಮೋರ್ ಆರ್ ಲೆಸ್’ಗೆ ನಮ್ಮಲ್ಲಿ ‘ಹೆಚ್ಚುಕಡಿಮೆ’ ಎಂಬ ಪದವಿದೆ. ಪದಕ್ಕೆ ಪದ ಹೊಂದುತ್ತದೆ. ಆದರೆ ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ‘ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಯಾರು ಹೊಣೆ?’ ಎಂದು ಹಿರಿಯರು ಕೇಳುತ್ತಾರಲ್ಲ, ಆ ಅರ್ಥ. ಯಾರಾದರೂ ನಿಮ್ಮ ಮುಂದೆ ಕಾಗದವೊಂದನ್ನು ಸರಿಸಿ ‘ಎರಡೂ ಹೆಚ್ಚುಕಡಿಮೆ ಒಂದೇ’ ಎಂದರೆ, ಸಹಿ ಹಾಕುವ ಮುನ್ನ ಆ ಪದದ ಎರಡನೆಯ ಅರ್ಥವನ್ನು ನೆನಪಿಸಿಕೊಳ್ಳಿ.